ಮೊಳೆಗೆ ತೂಗಿದ ಪೆಟ್ಟಿಗೆ

ಚಿಕ್ಕವಳಿದ್ದಾಗ ಅವಳಿಗೆ ಬಸ್ಸಿನ ಹೊಗೆಯ ವಾಸನೆ ಎಂದರೆ ಪ್ರಾಣ. ಅಪ್ಪ ಬರುವ ಬಸ್ಸು ತಿರುವಿನಲ್ಲಿ ಬುಸ್ ಎಂದು ಬಿಟ್ಟ ಕಪ್ಪು ಹೊಗೆಯನ್ನು ಓಡಿಹೋಗಿ ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದಳು. ಈಗ ಬಸ್ ನಿಲ್ದಾಣದ ಮುಂದಿನ ರಸ್ತೆ ಗುಡಿಸುವುದೇ ಅವಳ ಕೆಲಸ, ಹನ್ನೊಂದು ವರ್ಷವಾಯಿತು. ಅದೇ ಹೊಗೆ ಎದೆಯಲ್ಲಿ ಮನೆ ಮಾಡಿಕೊಂಡಿದೆ. ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಕಡೆ ನಿಲ್ಲಬೇಕು.

ಕೆಮ್ಮನ್ನು ಅವಳು ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡಿದ್ದಳು. ಕಾರಣವಿತ್ತು. ಹೋದ ವರ್ಷ ಪಕ್ಕದ ರಸ್ತೆಯ ಗಿಡ್ಡಕ್ಕ ಕೆಲಸದವರ ತಪಾಸಣೆಗೆ ಬಂದ ಡಾಕ್ಟರ ಮುಂದೆ ಕೆಮ್ಮಿದಳು. ಮರುವಾರ ಹಾಜರಿಯಲ್ಲಿ ಅವಳ ಹೆಸರೇ ಇರಲಿಲ್ಲ. ಹಾಜರಿ ಕೂಗುವವನು ಮೇಸ್ತ್ರಿ.

ಹೀಗಿರುವಾಗ ಕಾಲೇಜಿನ ಹುಡುಗಿಯೊಬ್ಬಳು ಬಂದು, ರಸ್ತೆಗೊಂದರಂತೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆಗಳನ್ನು ಹಂಚಿದಳು. "ಅಕ್ಕ, ನೀವು ಉಸಿರಾಡೋ ಗಾಳೀಲಿ ಎಷ್ಟು ಧೂಳಿದೆ ಅಂತ ಇದು ಅಳೆಯುತ್ತೆ. ಒಂದು ವಾರ ಭುಜಕ್ಕೆ ಸಿಕ್ಕಿಸ್ಕೊಳ್ಳಿ, ಸಾಕು."

ಮೇಸ್ತ್ರಿ ಹಿಂದೆಯೇ ನಿಂತು ತಲೆಯಾಡಿಸುತ್ತಿದ್ದ. ಅಲ್ಲೇ ಅವಳಿಗೆ ಅನುಮಾನ ಹೊಕ್ಕಿತು.

"ಧೂಳು ಅಳೆಯೋಕೆ ಪೆಟ್ಟಿಗೆ ಬೇಕಾ? ಇವರಿಗೇನು ಕಣ್ಣಿಲ್ವಾ?" ಎಂದು ಜೊತೆಗೆ ಗುಡಿಸುವ ನಾದಿನಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಇದು ಕೆಮ್ಮು ಎಣಿಸುತ್ತೆ ಕಣೇ."

"ನಿಮ್ಮ ಕೆಮ್ಮು ಎಣಿಸೋಕೆ ಹೋದ್ರೆ ಇದರ ಬ್ಯಾಟರಿ ಮಧ್ಯಾಹ್ನಕ್ಕೇ ಸಾಯುತ್ತೆ, ಅತ್ತಿಗೆ," ಎಂದು ನಾದಿನಿ ನಕ್ಕಳು. ನಗುತ್ತಲೇ ಅವಳಿಗೂ ಕೆಮ್ಮು ಬಂತು.

ಪೆಟ್ಟಿಗೆಯ ಹಸಿರು ದೀಪ ಕಣ್ಣು ಮಿಟುಕಿಸುತ್ತಿತ್ತು. ಹಾಗೆ ಕಣ್ಣು ಮಿಟುಕಿಸುವುದನ್ನು ನಂಬುವುದು ಹೇಗೆ? ಮೇಸ್ತ್ರಿ ಅತ್ತ ತಿರುಗಿದ್ದೇ ತಡ, ಪೊರಕೆ ಇಡುವ ಕೋಣೆಗೆ ಹೋಗಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೊಳೆಗೆ ತೂಗುಹಾಕಿ ಬಾಗಿಲೆಳೆದಳು. ಏಳು ದಿನವೂ ಹಾಗೆಯೇ. ಸಂಜೆ ಸಹಿ ಹಾಕುವಾಗ ಮಾತ್ರ ಭುಜಕ್ಕೆ.

ಎಂಟನೆಯ ದಿನ ಹುಡುಗಿ ಹಾಳೆ ಹಿಡಿದು ಬಂದಳು. ಗಾಳಿ ತೀರಾ ಕೆಟ್ಟಿರುವ ನಾಲ್ಕು ರಸ್ತೆಗಳಲ್ಲಿ ಇನ್ನು ವಾಹನಗಳ ಓಡಾಟಕ್ಕೆ ಮುಂಚೆಯೇ ಕೆಲಸವಂತೆ, ಗುಡಿಸುವ ಮೊದಲು ನೀರಿನ ಲಾರಿಯಂತೆ, ಒಳ್ಳೆಯ ಮಾಸ್ಕಂತೆ. "ನೀವು ಚಿಂತೆ ಮಾಡ್ಬೇಡಿ ಅಕ್ಕ. ನಿಮ್ಮ ರಸ್ತೆ ಗಾಳೀನೇ ಎಲ್ಲಕ್ಕಿಂತ ಚೊಕ್ಕ!"

"ನಮ್ಮದಾ?" ನಾದಿನಿ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಮೂಗಿನ ಜಾಗದಲ್ಲಿ ಎರಡು ಕಪ್ಪು ಚುಕ್ಕೆ. "ಹಾಗಾದ್ರೆ ಇದೇನು, ಕಾಡಿಗೆನಾ?"

ಹುಡುಗಿ ಹಾಳೆ ನೋಡಿದಳು, ಬಟ್ಟೆ ನೋಡಿದಳು. "ಯಂತ್ರ ಸುಳ್ಳು ಹೇಳಲ್ಲವಲ್ಲ... ಸಂಜೆಯೊಳಗೆ ಪಟ್ಟಿ ಬೇರೆ ಕಳಿಸ್ಬೇಕು."

ಪೆಟ್ಟಿಗೆ ಬಚ್ಚಿಟ್ಟವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಬಾಯಿ ಬಿಟ್ಟರೆ ಕೆಲಸ ಹೋದೀತು. ಬಿಡದಿದ್ದರೆ ಉಸಿರು, ಅದೂ ತನ್ನೊಬ್ಬಳದಲ್ಲ. ನಾದಿನಿಗೆ ಇನ್ನೂ ಮೂವತ್ತು ದಾಟಿಲ್ಲ. ಸ್ಕೂಟರಿನ ಮೇಲೆ ಕೂತಿದ್ದ ಮೇಸ್ತ್ರಿಯ ಕಿವಿ ಇತ್ತಲೇ ಇತ್ತು.

"ಯಂತ್ರ ಸುಳ್ಳು ಹೇಳ್ಲಿಲ್ಲಮ್ಮ, ನಾನು ಹೇಳ್ದೆ," ಎಂದಳು. "ಪೊರಕೆ ಕೋಣೇಲಿ ಮೊಳೆಗೆ ಹಾಕಿಟ್ಟಿದ್ದೆ. ಚೀಲದೊಳಗೆ."

ಹುಡುಗಿ ಬೈಯಲಿಲ್ಲ. ಅವರ ರಸ್ತೆಯ ಸಾಲನ್ನು ಹೊಡೆದುಹಾಕಿ, "ಮೇಲಿನವರ ಹತ್ರ ಇನ್ನೊಂದು ವಾರ ಕೇಳ್ಕೊಳ್ತೀನಿ. ಈ ಸಲ ಹಾಕ್ಕೊಳ್ತೀರಾ?" ಎಂದಳು.

ಮೇಸ್ತ್ರಿ ಎದ್ದು ಬಂದ. "ಯಾರಿಗೆ ಹೆದರಿ ಹಾಗೆ ಮಾಡ್ದೆಯಮ್ಮ?"

"ನಿಮಗೇ. ಗಿಡ್ಡಕ್ಕನ್ನ ತೆಗೆದವರು ಯಾರು ಮತ್ತೆ?"

"ತೆಗೀಲಿಲ್ಲ. ಸಸಿ ಬೆಳೆಸೋ ತೋಟಕ್ಕೆ ಹಾಕಿಸ್ದೆ. ಅಲ್ಲಿ ಹೊಗೆ ಕಮ್ಮಿ." ಹೇಳುತ್ತ ಹೇಳುತ್ತ ಅವನೇ ಸ್ಕೂಟರು ಹಿಡಿದು ಕೆಮ್ಮತೊಡಗಿದ, ಕಣ್ಣಲ್ಲಿ ನೀರು ಬರುವವರೆಗೆ.

ನಿಜವೋ, ತೇಪೆ ಹಚ್ಚಿದ್ದೋ? ಭಾನುವಾರ ತೋಟಕ್ಕೇ ಹೋಗಿ ನೋಡಿಬಿಡಬೇಕು ಎಂದುಕೊಂಡಳು. ಕೆಮ್ಮಂತೂ ನಾಟಕದ್ದಲ್ಲ, ಅದರ ಗುರುತು ಅವಳಿಗಿತ್ತು. ಹುಡುಗಿ ಮರಳಿ ಕೊಟ್ಟ ಪೆಟ್ಟಿಗೆಯನ್ನು ಭುಜಕ್ಕೆ ಸಿಕ್ಕಿಸಿಕೊಂಡು ಉಳಿದರ್ಧ ರಸ್ತೆ ಗುಡಿಸಿದಳು.

ಊಟದ ಹೊತ್ತು ಮೀರಿತ್ತು. ಬೆಳಗಿನ ಗಡಿಬಿಡಿಯಲ್ಲಿ ಬುತ್ತಿ ಮನೆಯಲ್ಲೇ ಉಳಿದಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ನಿಲ್ದಾಣದ ಕಟ್ಟೆಯ ತುದಿಗೆ ಕೂತವಳ ಪಕ್ಕಕ್ಕೆ ಮೇಸ್ತ್ರಿ ಬಂದ. ಅವಳು ಸರಿದು ಕೂತಳು. ಅವನು ಡಬ್ಬಿ ಬಿಚ್ಚಿ, ಅರ್ಧ ಊಟವನ್ನು ಮುಚ್ಚಳಕ್ಕೆ ಹಾಕಿ, ರಸ್ತೆಯ ಕಡೆಗೇ ನೋಡುತ್ತ ಅವಳ ಕೈಗಿಟ್ಟ.