ನಮ್ಮ ಮಾವನ ಮಳೆ ಲೆಕ್ಕ

ನಮ್ಮ ಮಾವ ರುದ್ರಯ್ಯನವರಿಗೆ ಅಭಿಪ್ರಾಯವಿಲ್ಲದ ವಿಜ್ಞಾನ ಇನ್ನೂ ಹುಟ್ಟಿಲ್ಲ. ಉಪಗ್ರಹ ಹಾರಿಸಿ ಹಾರಿಸಿ ಹವಾಮಾನ ಕೆಟ್ಟಿತು, ಕಂಪ್ಯೂಟರ್ ಬಂದು ಮಕ್ಕಳ ಮಗ್ಗಿ ಹೋಯಿತು, ಪ್ಲೂಟೊ ಗ್ರಹವಲ್ಲ ಅಂತ ತೆಗೆದವರು ನಾಳೆ ಶನಿಯನ್ನೂ ತೆಗೆದರೆ ಜಾತಕ ಬರೆಯುವವರ ಗತಿಯೇನು? ಹೀಗೆ ಬೆಳಗಿನ ಕಾಫಿಗೆ ಒಂದೊಂದು. ಈ ಮನೆಗೆ ಸೊಸೆಯಾಗಿ ಬಂದ ನಾನು ಇವನ್ನೆಲ್ಲ ಕೇಳುತ್ತಲೇ ಅಕ್ಕಿರೊಟ್ಟಿ ತಟ್ಟುವುದನ್ನು ಕಲಿತೆ.

ಆದರೆ ಮಳೆಯ ವಿಷಯ ಬಂದರೆ ಅವರ ಮುಂದೆ ಯಾರೂ ನಗುವ ಹಾಗಿರಲಿಲ್ಲ. ಕಾಫಿ ಬೆಳೆಯುವ ನಮ್ಮ ಕಡೆ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಾದರೆ ಒಂದು ಇಂಚು. ಬೇಸಿಗೆಯ ಮೊದಲಲ್ಲಿ ಬೀಳುವ ಹೂಮಳೆ ಸಾಕಷ್ಟು ಬಿದ್ದರೆ ಗಿಡ ಹೂವಾಗುತ್ತದೆ, ಅರೆಬರೆ ಬಿದ್ದರೆ ಮೊಗ್ಗು ಹಾಳು. ಅದಕ್ಕೇ ಮಳೆ ಬಂದ ಮರುದಿನ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ಎಷ್ಟು ಸೆಂಟು ಎಂದು ಕೇಳುತ್ತಾರೆ. ಬೆಳಗೋಡಿನ ಸುತ್ತಲಿನವರೆಲ್ಲ ಕೇಳುತ್ತಿದ್ದುದು ನಮ್ಮ ಮಾವನನ್ನು. ಬೇರೆಯವರು ಒಂದು ಹಿಡಿ ಸೇರಿಸಿ ಹೇಳಿಯಾರು, ಮಾವ ಹಾಗಲ್ಲ. ಕಣದ ಮೂಲೆಯಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ಅವರ ರೈನ್ ಗೇಜ್ ಇತ್ತು. ಕನ್ನಡಕ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ಅಳೆಯುತ್ತಿದ್ದರು. ಆಮೇಲೆ ಹಜಾರದ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರೆ ಹೊತ್ತೇರುವವರೆಗೆ ಏಳುತ್ತಿರಲಿಲ್ಲ.

ಆ ಫೋನೇ ನನಗೆ ಕಷ್ಟ. ನನ್ನ ತವರು ವನಗೂರು. ಅಮ್ಮನ ಜೊತೆ ಮಾತಾಡಬೇಕೆಂದರೆ ಮಾವನ ಕುರ್ಚಿಯ ಪಕ್ಕವೇ ನಿಂತು ಮಾತಾಡಬೇಕು. "ಹೂಂ, ಚೆನ್ನಾಗಿದೀನಿ. ಹೂಂ, ಎಲ್ರೂ ಚೆನ್ನಾಗವ್ರೆ." ಮದುವೆಯಾದಾಗಿನಿಂದ ಅಮ್ಮನ ಹತ್ತಿರ ಇಷ್ಟೇ ಮಾತು. ಹೊಟ್ಟೆಯಲ್ಲಿದ್ದುದೆಲ್ಲ ಹೊಟ್ಟೆಯಲ್ಲೇ ಉಳಿಯಿತು.

ಆಮೇಲೆ ಒಂದು ದೀಪಾವಳಿಯ ಸುಮಾರಿಗೆ ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಮೊಬೈಲ್ ಟವರ್ ಬಂತು. ನಮ್ಮ ಯಜಮಾನರು ನನಗೊಂದು ಮೊಬೈಲ್ ತಂದುಕೊಟ್ಟರು. ಬಚ್ಚಲುಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ಸಿಗ್ನಲ್ ಪೂರ್ತಿ ಸಿಗುತ್ತಿತ್ತು. ಅಲ್ಲಿ ಕೂತು ಮೊದಲ ಸಲ ಅಮ್ಮನ ಹತ್ತಿರ ಮನಸಾರೆ ಮಾತಾಡಿದೆ. ಅತ್ತೂ ಬಿಟ್ಟೆ. ಆ ಕಲ್ಲು ನನಗೆ ಎಷ್ಟು ದೊಡ್ಡದಾಗಿತ್ತು ಅಂತ ಯಾರಿಗೂ ಹೇಳಲಿಲ್ಲ.

ಮಾವನ ಕಣ್ಣು ಬಿದ್ದದ್ದು ಆ ಟವರಿನ ಮೇಲೇ.

"ದೇವೀರಪ್ಪನ ತೋಟದಲ್ಲಿ ಎಂಬತ್ತು ಸೆಂಟು, ನಮ್ಮಲ್ಲಿ ಮೂವತ್ತು! ಮಧ್ಯ ಇರೋದು ಬರೀ ಒಂದು ಬೇಲಿ. ದೀಪಾವಳಿ ಕಳೆದಾಗಿಂದ ಹಿಂಗೇ ಆಗ್ತಾ ಐತೆ. ಟವರ್ ಹತ್ರ ಇರೋದು ಯಾರಿಗೆ? ನಮಗೆ. ಅದರ ಶಕ್ತಿ ಮೋಡನ ಆ ಕಡೆ ತಳ್ತಾ ಐತೆ ಕಣವ್ವ."

"ಮೋಡನ ತಳ್ಳಾಕಾಯ್ತದಾ ಮಾವ?" ಎಂದೆ.

"ಗುಬ್ಬಚ್ಚಿನ ಓಡ್ಸಿಲ್ವಾ? ಟಿವೀಲೇ ತೋರ್ಸಿದ್ರು. ಗುಬ್ಬಚ್ಚಿಗೆ ಜೀವ ಐತೆ, ಅದೇ ತಡ್ಕಳ್ಳಿಲ್ಲ. ಇನ್ನು ಮೋಡ ಯಾವ ಲೆಕ್ಕ?"

ಅತ್ತೆ ಗುರುಶಾಂತಮ್ಮ ಒಳಗಿನಿಂದಲೇ, "ನನ್ನ ಮಂಡಿನೋವೂ ಅದು ಬಂದಮ್ಯಾಕೇ ಜಾಸ್ತಿಯಾಗಿರೋದು" ಎಂದು ಸೇರಿಸಿದರು. ಅವರ ಮಂಡಿನೋವು ನನ್ನ ಮದುವೆಗಿಂತ ಹಳೆಯದು.

ಬೇರೆ ಯಾರು ಹೇಳಿದ್ದರೂ ಊರು ನಗುತ್ತಿತ್ತು. ಆದರೆ ಇದು ರುದ್ರಯ್ಯನವರ ಅಳತೆ. ಹೂಮಳೆ ಬೀಳಲಿ, ಆಗಲೂ ಕಡಿಮೆ ಬಂದರೆ ಎಲ್ಲರೂ ಒಟ್ಟಾಗಿ ಪಂಚಾಯಿತಿಗೆ ಹೋಗಿ ಟವರ್ ತೆಗೆಸುವುದು ಎಂದು ತೀರ್ಮಾನವಾಯಿತು. ಇವರ ವಿಜ್ಞಾನಕ್ಕೆ ನನ್ನ ಕಲ್ಲು ಬಲಿಯಾಗಬೇಕೆ ಎಂದು ನನಗೆ ಸಿಟ್ಟು ಬಂತು.

ಮಾರ್ಚ್‌ನ ಒಂದು ಸಂಜೆ ಗುಡುಗಿತು. ಕಣದಲ್ಲಿ ಮೆಣಸು ಹರವಿತ್ತು. ಓಡಿಹೋಗಿ ಟಾರ್ಪಾಲು ಎಳೆಯುವಷ್ಟರಲ್ಲಿ ಮಳೆ ಜೋರಾಯಿತು. ತಲೆ ಎತ್ತಿ ನೋಡಿದೆ. ನೋಡಿದವಳು ಅಲ್ಲೇ ನಿಂತೆ.

ಅದೇ ದೀಪಾವಳಿಗೆ ನಮ್ಮ ಮನೆಗೆ ಟಿವಿಯ ಡಿಶ್ ಬಂದಿತ್ತು. ಸುತ್ತ ಎತ್ತರದ ಸಿಲ್ವರ್ ಮರ, ಆಕಾಶ ಸಿಗುತ್ತಿಲ್ಲ ಎಂದು ಡಿಶ್ ಕೂರಿಸಲು ಬಂದವನು ಗೊಣಗಿದಾಗ ಮಾವನೇ ಕಣಕ್ಕೆ ಕರೆದುಕೊಂಡು ಹೋಗಿ, "ನನ್ನ ರೈನ್ ಗೇಜ್ ಪಕ್ಕದಲ್ಲೇ ಹಾಕು, ಇಲ್ಲಿ ಆಕಾಶಕ್ಕೆ ಏನೂ ಅಡ್ಡ ಇಲ್ಲ" ಎಂದು ಜಾಗ ತೋರಿಸಿದ್ದರು. ಈಗ ಅದೇ ಡಿಶ್ ರೈನ್ ಗೇಜಿನ ಮೇಲೆ ಮೊರದ ಹಾಗೆ ಬಾಗಿಕೊಂಡಿತ್ತು. ಡಿಶ್ಶಿನ ಅಂಚಿನಿಂದ ನೀರು ಧಾರೆಯಾಗಿ ನೆಲಕ್ಕೆ ಬೀಳುತ್ತಿತ್ತು. ಗೇಜಿಗೆ ಬೀಳುತ್ತಿದ್ದುದು ಸಿಡಿದ ಹನಿ ಮಾತ್ರ.

ನಗು ಉಕ್ಕಿ ಬಂತು. ಗೆದ್ದೆ ಅನ್ನಿಸಿತು. ಆದರೆ ಇದನ್ನು ಪಂಚಾಯಿತಿಯಲ್ಲಿ ಯಾರಾದರೂ ಎತ್ತಿದರೆ ಮಾವನ ಮುಖ ಹೇಗಾದೀತು ಎಂದು ನೆನೆದಾಗ ನಗು ನಿಂತಿತು. ಛತ್ರಿ ತಂದು ಅವರನ್ನು ಕರೆದೆ.

ಮಾವ ಬಂದು ನೋಡಿದರು. ಡಿಶ್ ನೋಡಿದರು, ಗೇಜ್ ನೋಡಿದರು, ಮತ್ತೆ ಡಿಶ್ ನೋಡಿದರು.

"ಜಾಗ ತೋರ್ಸಿದ್ದು ನಾನೇ ಅಲ್ವಾ?"

"ಹೂಂ ಮಾವ."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ನಿಮ್ಮಮ್ಮಂಗೆ?"

"ಇನ್ನೂ ಇಲ್ಲ."

ಪಾಪ ಅನ್ನಿಸಿತು. "ಡಿಶ್ ಬೇರೆ ಕಡೆ ಹಾಕ್ಸಿಬಿಡಾಣ ಮಾವ. ನಿಮ್ಮ ಗಲಾಟೆಗೆ ಹೆದರಿ ಟವರ್‌ನೋರು ಶಕ್ತಿ ಕಮ್ಮಿ ಮಾಡವ್ರೆ ಅಂದ್ರಾಯ್ತು" ಎಂದೆ.

"ಬಾಯಲ್ಲಿ ಏನಾದ್ರೂ ಹೇಳಬೋದು ಕಣವ್ವ. ಅಳತೆಲಿ ಸುಳ್ಳು ಹೇಳಾಕಾಗಲ್ಲ" ಎಂದು ಒಳಗೆ ಹೋದರು.

ಬೆಳಿಗ್ಗೆ ಮೊದಲ ಫೋನು ದೇವೀರಪ್ಪನವರದು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಎಷ್ಟು ಸೆಂಟೋ ಗೊತ್ತಿಲ್ಲ ಮಾರಾಯ" ಎಂದರು ಮಾವ. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಗೇಜ್ ಮ್ಯಾಲೆ ನಾನೇ ಡಿಶ್ ನಿಲ್ಸಿಬುಟ್ಟಿದ್ದೆ. ಟವರ್‌ದೇನೂ ತಪ್ಪಿಲ್ಲ. ಪಂಚಾಯ್ತಿಗೆ ಹೋಗೋದು ಬ್ಯಾಡ."

ದೇವೀರಪ್ಪನವರ ನಗು ಫೋನಿನಿಂದ ನನ್ನವರೆಗೂ ಕೇಳಿತು.

ಡಿಶ್ ಬೇರೆ ಕಡೆ ಹೋಯಿತು. ಟವರ್ ಉಳಿಯಿತು. ಬೆಳಗೋಡಿನ ಹೋಟೆಲಿನಲ್ಲಿ ಮಾತ್ರ "ಡಿಶ್ ಕೆಳಗೆ ಎಷ್ಟು ಸೆಂಟು?" ಎಂದು ತಮಾಷೆ ಶುರುವಾಯಿತು. ಮುಂದಿನ ಮಳೆ ಬಿದ್ದ ಮರುದಿನ ಮಾವ ಎಂದಿನಂತೆ ಅಳೆದು, ಫೋನಿನ ಪಕ್ಕ ಕೂತರು. ಫೋನ್ ಬರಲಿಲ್ಲ. ಎಲ್ಲರೂ ಈಗ ದೇವೀರಪ್ಪನವರನ್ನು ಕೇಳುತ್ತಿದ್ದರು. ಕಾಫಿ ಕೆನೆಗಟ್ಟಿತು. ಟಿವಿಯಲ್ಲಿ ಯಾವುದೋ ರಾಕೆಟ್ ಮೇಲೆ ಹೋಯಿತು, ಮಾವ ಅದಕ್ಕೂ ಏನೂ ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಗೆಯುವ ಕಲ್ಲಿಗೆ ಹೋಗಿ ವನಗೂರಿಗೆ ಫೋನ್ ಮಾಡಿದೆ.

"ಅಮ್ಮ, ಈಗ್ಲೇ ನಮ್ಮನೆ ಫೋನಿಗೆ ಮಾಡಿ, ಎಷ್ಟು ಸೆಂಟು ಮಳೆ ಅಂತ ನಮ್ಮ ಮಾವನ್ನ ಕೇಳು."

"ಅಯ್ಯೋ, ಬೀಗರ ಹತ್ರ ನಾನು ಅದನ್ನೆಲ್ಲ ಕೇಳೋದಾ? ಏನು ತಿಳ್ಕಂಡಾರು?"

"ಏನೂ ತಿಳ್ಕಳಲ್ಲ, ಕೇಳಮ್ಮ."

ನಾನು ಒಳಗೆ ಬರುವಷ್ಟರಲ್ಲಿ ಹಜಾರದಲ್ಲಿ ಫೋನ್ ಬಡಿದುಕೊಂಡಿತು. ಮಾವ ಗಂಟಲು ಸರಿಮಾಡಿಕೊಂಡರು. "ನಲವತ್ತೆರಡು, ಕರೆಕ್ಟಾಗಿ. ನಿಮ್ಮಲ್ಲಿ? ಅರ್ಧ ಪಾತ್ರೆನಾ? ಪಾತ್ರೆ ಲೆಕ್ಕಕ್ಕೆ ಬರಲ್ಲ ಬೀಗ್ತಿಯೋರೆ. ಅದರ ಬಾಯಿ ಅಗಲ ಎಷ್ಟು, ತಳ ಅಗಲ ಎಷ್ಟು, ಮೊದಲು ಅದು ಹೇಳಿ." ದನಿ ಏರಿತು. ನನ್ನ ಕಣ್ಣಲ್ಲಿ ನೀರು ಬಂತು.

ಈಗ ಮಳೆ ಇರಲಿ, ಬಿಡಲಿ, ಬೆಳಗಾದರೆ ಇಬ್ಬರದೂ ಮಾತು. ಅಮ್ಮನಿಗೂ ಅಭಿಪ್ರಾಯಗಳು ಬಂದುಬಿಟ್ಟಿವೆ. ಮೊನ್ನೆ ನನಗೆ ಮನಸ್ಸಿಗೆ ಬೇಜಾರಾಗಿ ಕಲ್ಲಿನ ಮೇಲೆ ಕೂತು ಅಮ್ಮನಿಗೆ ಮಾಡಿದೆ. ಎಂಗೇಜ್. ಒಂದು ಬಕೆಟ್ ಬಟ್ಟೆ ಒಗೆದು ಮತ್ತೆ ಮಾಡಿದೆ. ಎಂಗೇಜ್. ಕೈ ಒರೆಸಿಕೊಂಡು ಹಜಾರಕ್ಕೆ ಹೋಗಿ ಮಾವನ ಕುರ್ಚಿಯ ಪಕ್ಕ ನಿಂತೆ.

ಮಾವ ರಿಸೀವರ್ ಮೇಲೆ ಕೈ ಮುಚ್ಚಿ, "ಇರವ್ವ, ಏನೋ ಮುಖ್ಯವಾದ್ದು ಮಾತಾಡ್ತಾ ಇದೀವಿ" ಎಂದರು.

"ಆದಮೇಲೆ ನಂಗೂ ಸ್ವಲ್ಪ ಕೊಡಿ ಮಾವ" ಎಂದೆ.