ಎಲ್ಲರ ಟವೆಲ್

ಆಕ್ಲೆಂಡಿನಿಂದ ತಂದ ನೀಲಿ ಟವೆಲನ್ನು ಭಾರ ಎತ್ತುವ ಶೆಡ್ಡಿನ ಬೆಂಚಿನ ಮೇಲೆ ಹಾಸಿದ ದಿನವೇ ವಲೆಲಿಯಾಗೆ ಅಡ್ಡಹೆಸರು ಬಿತ್ತು: ಫಿಯಾಪಾಲಗಿ, ಅಂದರೆ ಬಿಳಿಯಳಾಗಲು ಹೊರಟವಳು. ಅಪಿಯಾ ಎಂಬ ಆ ದ್ವೀಪದ ಊರಿನಲ್ಲಿ ಒಬ್ಬರ ಸೊಕ್ಕು ಇಳಿಸಲು ಇದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.

"ಏನಮ್ಮಾ ದೊರೆಸಾನಿ, ನಮ್ಮ ಬೆವರು ನಿಂಗೆ ನಾತ ಹೊಡಿಯುತ್ತಾ?" ಎಂದಳು ಚಿಕ್ಕಮ್ಮನ ಮಗಳು ಫೆಟು.

"ನಾತ ಅಲ್ಲ ಕಣೇ. ಕುರು ಏಳುತ್ತೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತೆ. ಬೆಂಚು ಒರೆಸಿ, ತರಚಿದ್ರೆ ಬಟ್ಟೆ ಕಟ್ಟಿ, ಎತ್ತಿದ ಮೇಲೆ ಸೋಪು ಹಾಕಿ ಸ್ನಾನ ಮಾಡಿ. ನಾನು ಕೇಳ್ತಿರೋದು ಇಷ್ಟೇ."

"ಅಕ್ಕಾ, ಒಂದೇ ತಟ್ಟೇಲಿ ತಿಂದು ಬೆಳೆದೋರು ನಾವು. ಈಗ ಬೆಂಚಿಗೂ ಮಡಿ ಬಂತಾ?"

ತಗಡಿನ ಶೆಡ್ಡೆಲ್ಲ ನಕ್ಕಿತು. ಭಾರ ಎತ್ತುವುದನ್ನು ಕಲಿಸುತ್ತಿದ್ದ ಸೋದರಮಾವ ಇಯೆಫಾತಾ ಮಾತ್ರ ನಗಲಿಲ್ಲ. ತನ್ನ ಶೆಡ್ಡು ಕೊಳಕು ಎಂದು ಅಕ್ಕನ ಮಗಳೇ ಮುಖಕ್ಕೆ ಹೊಡೆದಂತೆ ಹೇಳಿದಳಲ್ಲ ಎಂದು ಅವನಿಗೆ ಚುಚ್ಚಿತ್ತು. ಅವಳು ಹೇಳಿದ್ದು ಕೊಳಕಿನ ಮಾತೇ ಅಲ್ಲ. ಆದರೆ ಅಲ್ಲಿ 'ಇದು ನನ್ನದು' ಎಂದು ಬೇರೆ ಇಟ್ಟುಕೊಂಡವರ ಮಾತನ್ನು ಯಾರು ಕೇಳುತ್ತಾರೆ? ಅವಳು ಟವೆಲನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ದ್ವೀಪಗಳ ಕ್ರೀಡಾಕೂಟಕ್ಕೆ ಅವಳು ಆಯ್ಕೆಯಾಗಿದ್ದಳು. ಸಣ್ಣ ವಯಸ್ಸಿನಿಂದ ಬೇಕೆಂದು ಹಂಬಲಿಸಿದ್ದು ಅದೊಂದೇ. ಈಗ ಜಗಳ ಯಾಕೆ ಎಂದುಕೊಂಡಳು.

ಬೀಳ್ಕೊಡುವ ದಿನ ಪಾದ್ರಿ ಬಂದರು, ಅತ್ತೆ ಚಿಕ್ಕಮ್ಮಂದಿರೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತರು. ಪ್ರಾರ್ಥನೆ ಮುಗಿದ ಮೇಲೆ ಇಯೆಫಾತಾ ಭಾರ ಎತ್ತುವಾಗ ನಡುವಿಗೆ ಬಿಗಿಯುವ ತನ್ನ ಚರ್ಮದ ಬೆಲ್ಟು ಬಿಚ್ಚಿದ. ಆಯ್ಕೆಯಾದವರಿಗೆ ಅದನ್ನು ಅವನೇ ಕಟ್ಟಬೇಕು, ಕಟ್ಟಿಸಿಕೊಂಡವರು ಆಗಲೇ ಒಂದು ಸಲ ಎತ್ತಿ ತೋರಿಸಬೇಕು. ಅದು ಆ ಶೆಡ್ಡಿನ ಪದ್ಧತಿ. ಎಷ್ಟು ನಡುಗಳ ಬೆವರು ಕುಡಿದಿತ್ತೋ ಆ ಬೆಲ್ಟು! ತೊಳೆದರೆ ಅದೃಷ್ಟವೇ ತೊಳೆದುಹೋಗುತ್ತದೆ ಎಂದು ಯಾರೂ ಅದಕ್ಕೆ ನೀರು ಮುಟ್ಟಿಸಿರಲಿಲ್ಲ.

ಬಿಚ್ಚುವಾಗ ಅವನು ಹಲ್ಲು ಕಚ್ಚಿದ್ದನ್ನು ವಲೆಲಿಯಾ ಕಂಡಳು. ಅಂಗಿಯ ಬೆನ್ನಲ್ಲಿ ಹಳದಿ ಕಲೆ. ಬೆಲ್ಟಿನ ಒಳಮೈಯಲ್ಲೂ ಹಸಿಯಾಗಿ ಅದೇ ಕಲೆ.

"ಮಾಮ, ಬೆನ್ನಿಗೆ ಏನಾಗಿದೆ?" ಎಂದು ಮೆಲ್ಲಗೆ ಕೇಳಿದಳು.

"ಸೊಳ್ಳೆ ಕಚ್ಚಿದ್ದು. ನೆಟ್ಟಗೆ ನಿಲ್ಲು."

ಅವಳ ನಡುವಿನಲ್ಲಿ ಹಿಂದಿನ ದಿನ ಭಾರದ ಕಂಬಿ ಉಜ್ಜಿ ತರಚಿದ ಗಾಯವಿತ್ತು, ಮೇಲೆ ತೆಳು ಬನಿಯನ್ ಅಷ್ಟೇ. ಬೇಡ ಮಾಮ ಎಂದರೆ ಮುಗಿಯುತ್ತಿತ್ತು. ಆದರೆ ಪಾದ್ರಿ ನೋಡುತ್ತಿದ್ದರು. ಅಮ್ಮ ಅಳುತ್ತಾ ನಗುತ್ತಿದ್ದಳು. ಅಷ್ಟು ಜನರೆದುರು ಹಿರಿಯ ಬಿಚ್ಚಿಕೊಟ್ಟ ಬೆಲ್ಟನ್ನು ಬೇಡ ಎನ್ನುವ ನಾಲಿಗೆ ಆ ಊರಿನಲ್ಲಿ ಯಾರಿಗೂ ಇಲ್ಲ. ಅವಳು ಎರಡೂ ಕೈ ಎತ್ತಿ ಕಟ್ಟಿಸಿಕೊಂಡಳು. ಕಂಬಿ ಎತ್ತಿದಳು. ಬನಿಯನ್ ಮೇಲೆ ಸರಿದು, ಬೆಚ್ಚಗಿನ ಹಸಿ ಚರ್ಮ ಗಾಯಕ್ಕೆ ಒತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಹೋಗಿ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಆಗಬೇಕಾದದ್ದು ಆಗಿಹೋಯಿತು. ಮೊದಲು ಮೊಡವೆಯಷ್ಟು ಕೆಂಪು, ಆಮೇಲೆ ಮುಷ್ಟಿಗಾತ್ರದ ಕುರು, ಕೊನೆಗೆ ಜ್ವರ. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಭಾರ ಮುಟ್ಟಲೇಬಾರದು ಎಂದರು. ಕ್ರೀಡಾಕೂಟಕ್ಕೆ ಹೊರಟ ವಿಮಾನದಲ್ಲಿ ಅವಳ ಸೀಟಿನಲ್ಲಿ ಫೆಟು ಹೋದಳು.

ಇಯೆಫಾತಾ ಎಳನೀರು ಹಿಡಿದುಕೊಂಡು ನೋಡಲು ಬಂದ.

"ಆಕ್ಲೆಂಡಿನ ಸೋಪು ಹಾಕಿ ಹಾಕಿ ನಿನ್ನ ಚರ್ಮ ತೆಳ್ಳಗಾಗಿದೆ ಮಗಳೇ," ಎಂದ. "ನಂಗೆ ನೋಡು, ಬೆನ್ನಿನ ಕುರು ತಾನೇ ಒಡೆದು ಒಣಗೋಯ್ತು."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮಾಮನ ಮೇಲೆ ಸಿಟ್ಟಿತ್ತು. ಆ ದಿನ ಬಾಯಿ ಬಿಡದ ತನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು.

ಫೆಟು ಬೆಳ್ಳಿ ಪದಕ ಗೆದ್ದು ಬಂದ ಮೇಲೆ ಒಂದು ಮಧ್ಯಾಹ್ನ ವಲೆಲಿಯಾ ನಡು ಹಿಡಿದುಕೊಂಡು ಶೆಡ್ಡಿಗೆ ಹೋದಳು. ಇಯೆಫಾತಾ ಹಿಗ್ಗಿನಿಂದ ಎದ್ದು ಬಂದ.

"ಬಾ ಬಾ! ನಿನ್ನ ಮಾತು ನಾವು ಕೇಳಲಿಲ್ಲ ಅನ್ಕೊಂಡಿದ್ಯಾ? ನೋಡಿಲ್ಲಿ. ಈಗ ಎಲ್ಲರೂ ಒರೆಸ್ಕೊಳ್ತಾರೆ!"

ನಿಜ, ಒರೆಸಿಕೊಳ್ಳುತ್ತಿದ್ದರು. ಅವಳ ನೀಲಿ ಟವೆಲು ಮೊಳೆಯಿಂದ ಇಳಿದು ಒಬ್ಬರ ಕತ್ತಿನಿಂದ ಇನ್ನೊಬ್ಬರ ಕತ್ತಿಗೆ, ಅಲ್ಲಿಂದ ಬೆಂಚಿಗೆ, ಬೆಂಚಿನಿಂದ ಮತ್ತೆ ಮುಖಕ್ಕೆ ಓಡಾಡುತ್ತಿತ್ತು. ನೀಲಿ ಬಣ್ಣ ಬೂದು ಬಣ್ಣಕ್ಕೆ ತಿರುಗಿತ್ತು.

ಇಯೆಫಾತಾ ಅದನ್ನು ಹಿಂಡಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. "ತಗೋ. ಶುರು ಮಾಡಿದೋಳು ನೀನು. ಇವತ್ತು ಮೊದಲು ನೀನೇ."

ಎಲ್ಲರೂ ಎತ್ತುವುದು ಬಿಟ್ಟು ನೋಡುತ್ತಾ ನಿಂತರು. ವಲೆಲಿಯಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಂಗೆ ಬೇಡ, ಮಾಮ."

ಇಯೆಫಾತಾನ ಮುಖ ಕಪ್ಪಿಟ್ಟಿತು. ಟವೆಲಿನಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಫಿಯಾಪಾಲಗಿ ವಾಪಸ್ ಬಂದ್ಲಪ್ಪಾ," ಎಂದಳು ಫೆಟು. ಮಾಮನ ಕೈಯಿಂದ ಟವೆಲು ಕಿತ್ತುಕೊಂಡು ತನ್ನ ಮುಖ ಒರೆಸಿಕೊಂಡಳು.