ಮೊದಲು ಔಟಾದವನು

"ಹೆಸರು ನೀವ ಬರೀರಿ ಮಲಕಾಜಪ್ಪ, ಹುಡುಗರು ನಿಮ್ಮವು," ಎಂದು ವೇದವ್ಯಾಸರಾಯರು ಬಿಳಿ ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಸಕ್ಕರೆ ಕಾರ್ಖಾನೆಗೆ ಹೊಸದಾಗಿ ಬಂದ ಮ್ಯಾನೇಜರು. ಕೆಟ್ಟ ಮನುಷ್ಯನೇನಲ್ಲ, ಚಹಾ ತರಿಸಿದ್ದರು. "ಕಬಡ್ಡಿ ತಂಡ ಅಂದ್ರ ಕಾರ್ಖಾನಿ ಜಾಹೀರಾತು. ಸೋಲೋ ಜಾಹೀರಾತು ಯಾರಿಗೆ ಬೇಕ್ರಿ? ಮೂವತ್ತೈದು ದಾಟಿದ ಮೂರೂ ಮಂದೀನ ಬಿಡೂಣು. ನೀವು ಈಗಿನಂಗ ಕೋಚ್ ಆಗಿ ಇರ್ರಿ."

ತಂಡದಿಂದ ಬಿಡುವುದೆಂದರೆ ಬರೀ ಆಟದಿಂದಲ್ಲ. ಆಟಗಾರರೆಲ್ಲ ಕಾರ್ಖಾನೆಯ ಹಂಗಾಮಿ ನೌಕರರು. ತಂಡದ ಅಂಗಿ ಹೋದರೆ ಕೆಲಸವೂ ಹೋಯಿತು, ಇರುವ ಕ್ವಾರ್ಟರ್ಸೂ ಹೋಯಿತು. ಆ ಮೂವರಲ್ಲಿ ಗೇಟು ಕಾಯುವ ದಶರಥನೂ ಒಬ್ಬ. ಬೀಳಗಿ ಕಡೆಯ ಅವನ ಊರು ಹಿನ್ನೀರಿನಲ್ಲಿ ಮುಳುಗಿದಾಗ, "ಬಾರಲೇ, ನಾ ಅದೇನಿ," ಎಂದು ಕರೆತಂದವನು ಮಲಕಾಜಪ್ಪನೇ. ಹನ್ನೆರಡು ವರ್ಷ ಇಬ್ಬರೂ ಅಂಕಣದಲ್ಲಿ ಕೈಗೆ ಕೈ ಕೊಟ್ಟು ಸರಪಳಿ ಹಿಡಿದವರು. ಮುಧೋಳದ ಫೈನಲ್ಲಿನಲ್ಲಿ ದಾಳಿಗೆ ಬಂದು ಮಲಕಾಜಪ್ಪನ ಕೈತಪ್ಪಿದ ರೈಡರನನ್ನು ಒಬ್ಬನೇ ಹಿಡಿದು, ತಂಡವನ್ನು ಗೆಲ್ಲಿಸಿ, ಮೊಣಕಾಲು ಕಳೆದುಕೊಂಡವನು ದಶರಥ. ಈಗ ಅದೇ ಮೊಣಕಾಲು ತೋರಿಸಿ ಅವನನ್ನು ಮುದುಕ ಎನ್ನುತ್ತಾರೆ.

"ಸಾಹೇಬ್ರ, ದಶರಥ ಗೇಟಿನ್ಯಾಗರ ಇರಲಿ. ಹೆಂಗೂ ಅಲ್ಲೇ ಅದಾನ."

"ಆಡದವರಿಗೆ ಆಟಗಾರರ ನೌಕರಿ ಯಾಕ?" ರಾಯರು ನಕ್ಕರು. "ನೀವು ಬರೀಲಿಲ್ಲಂದ್ರ ನಾ ಬರೀತೇನಿ. ಆವಾಗ ನಾಕನೇ ಹೆಸರೂ ಇರತದ."

ಮಲಕಾಜಪ್ಪನಿಗೂ ಹೆಂಡತಿ ಮಕ್ಕಳಿದ್ದರು. ಪೆನ್ನು ಹಿಡಿದ. ದಶರಥನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದ. ಕಬಡ್ಡಿಯಲ್ಲಿ ಮೊದಲು ಔಟಾದವನು ಗೆರೆಯಾಚೆಯ ಸಾಲಿನಲ್ಲಿ ಮೊದಲಿಗನಾಗಿ ಕೂರುತ್ತಾನೆ. ಎದುರಾಳಿಯೊಬ್ಬ ಔಟಾದ ಕೂಡಲೇ ಅವನಿಗೇ ಮೊದಲು ಜೀವ ಬರುತ್ತದೆ, ಎದ್ದು ಮತ್ತೆ ಅಂಕಣಕ್ಕಿಳಿಯುತ್ತಾನೆ. ಮುಂದೆ ಒಂದು ಜಾಗ ಖಾಲಿಯಾದರೆ ಮೇಲಿನ ಹೆಸರನ್ನೇ ಕರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಹುಚ್ಚಪ್ಪ! ಅಂಕಣದ ನೇಮ ಕಾರ್ಖಾನೆಯ ಕಾಗದಕ್ಕೆಲ್ಲಿ ಗೊತ್ತು?

ಮರುದಿನ ಪಟ್ಟಿ ಗೇಟಿಗೆ ಬಂತು. ಅದನ್ನು ಬೋರ್ಡಿಗೆ ಅಂಟಿಸಬೇಕಾದವನು ಗೇಟು ಕಾಯುತ್ತಿದ್ದ ದಶರಥನೇ. ನಾಲ್ಕೂ ಮೂಲೆಗೆ ಅಂಟು ಹಚ್ಚಿ, ಅಂಗೈಯಿಂದ ನೀಟಾಗಿ ಒತ್ತಿದ. ಮಲಕಾಜಪ್ಪ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ.

"ಅಕ್ಷರ ನಿಂದ ಐತಿ."

"ಹೌದಲೇ."

"ಎಲ್ಲಾರಕಿಂತ ಮ್ಯಾಲ ನಂದ ಯಾಕ?"

"ಮದಲ ಔಟಾದಾಂವ ಮದಲ ಬರತಾನಂತ..."

ದಶರಥ ಅವನ ಮುಖವನ್ನೇ ನೋಡಿದ. "ಅದು ಎದುರಿನವ್ರು ಔಟ್ ಮಾಡಿದ್ರ, ಮಲಕಾಜಿ. ನನ್ನ ನಮ್ಮಾವ್ರ ಮಾಡ್ಯಾರ."

ಮಲಕಾಜಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಡ್ಯೂಟಿಯ ಹೊತ್ತಾಗಿತ್ತು, ಹೋದ.

ಸಂಜೆ ಹೊಸ ಹುಡುಗರ ಅಭ್ಯಾಸ ನಡೆದಿತ್ತು. ದಶರಥ ಬಂದು ಗೆರೆಯಾಚೆ ಔಟಾದವರು ಕೂರುವಲ್ಲಿ ಕೂತ. ಹುಡುಗರು ಆಟ ಮುಂದುವರಿಸಿದರು. ಅಷ್ಟರಲ್ಲಿ ಅವನು ಕೂತ ಕಡೆಯ ಹುಡುಗರು ಎದುರಿನ ರೈಡರನೊಬ್ಬನನ್ನು ಕೆಡವಿ ಹೋ ಎಂದು ಕೂಗಿದರು. ದಶರಥ ಮಣ್ಣಿಗೆ ಕೈಯೂರಿ ಎದ್ದ. ಎದ್ದು, ಜೀವ ಬಂದ ಆಟಗಾರನಂತೆ ಗೆರೆಯ ಹತ್ತಿರ ಬಂದು ನಿಂತ. ಹುಡುಗರೆಲ್ಲ ಕೋಚಿನ ಕಡೆ ನೋಡಿದರು.

ಮಲಕಾಜಪ್ಪ ಬಾಯಲ್ಲಿದ್ದ ಸೀಟಿ ತೆಗೆದು ಅಂಗಿಯ ಚುಂಗಿಗೆ ಒರೆಸಿದ.

"ಆಡ್ರಿ," ಎಂದ, ಹುಡುಗರಿಗೆ.

ದಶರಥ ಮೊಣಕಾಲು ಹಿಡಿದುಕೊಂಡು ಹಿಂದಕ್ಕೆ ಹೋಗಿ, ಸಾಲಿನ ಮೊದಲ ಜಾಗದಲ್ಲಿ ಮತ್ತೆ ಕೂತ.